ಅತ್ತೆ ತುಂಬಿದ ಮೂರು ಬಾಟಲಿಗಳು

ನಮ್ಮ ಅತ್ತೆ ಶಿವವ್ವ ಅಡುಗೆಮನೆಯಲ್ಲಿ ಅಂಕಿ ಬರೆದ ಮೂರು ಬಾಟಲಿಗಳನ್ನು ತುಂಬುವಾಗ ನಾನು ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದೆ.

"ಸಾಲಿ ಕಲಿಸಾಕ ಹೊಂಟೀಯೋ, ಕಣ್ಣಾಮುಚ್ಚಾಲಿ ಆಡಾಕೋ?"

"ಯಾವುದರಾಗ ಏನೈತಿ ಅಂತ ನನಗ ಹೇಳಬ್ಯಾಡ್ರಿ ಅತ್ತಿ."

ಒಂದರಲ್ಲಿ ಸೋಸಿದ ಲಿಂಬೆಯ ನೀರು, ಇನ್ನೊಂದರಲ್ಲಿ ಸುಣ್ಣದ ತಿಳಿ, ಮತ್ತೊಂದರಲ್ಲಿ ಬರೀ ನಳದ ನೀರು. ನೋಡಲು ಮೂರೂ ಹೆಚ್ಚುಕಡಿಮೆ ಒಂದೇ. ಗೋವಾದ ವೆರ್ಣಾದಲ್ಲಿರುವ ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ನನಗೆ ಬರುತ್ತಿದ್ದ ಮಾದರಿಗಳ ಮೇಲೆ ಹೆಸರಿರುತ್ತಿರಲಿಲ್ಲ, ಸಂಖ್ಯೆ ಮಾತ್ರ. ಉತ್ತರ ಮೊದಲೇ ಗೊತ್ತಿದ್ದರೆ ಕಣ್ಣು ಅದನ್ನೇ ಕಾಣುತ್ತದೆ. ಆ ಕೆಲಸ ಬಿಟ್ಟು ಬಿ.ಇಡಿ. ಮಾಡಿದೆ, ಶಿಕ್ಷಕರ ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಿದೆ. ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ಇವತ್ತು ವಾಸ್ಕೋದ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಗೆ ಒಂದು ಪಾಠ ಮಾಡಬೇಕಿತ್ತು. ಮೆಚ್ಚಿದರೆ ನೌಕರಿ.

ಮುಖ್ಯ ಶಿಕ್ಷಕಿ ಮೀನಾ ಮೇಡಂ ಹಿಂದಿನ ಬೆಂಚಿನಲ್ಲಿ ಕುಳಿತರು. ನಾನು ಅರಿಸಿನ ಹಚ್ಚಿ ಒಣಗಿಸಿದ ಕಾಗದದ ಪಟ್ಟಿಗಳನ್ನು ಹಂಚಿದೆ. ಲಿಂಬೆ, ಸುಣ್ಣ, ಬರೀ ನೀರು ಯಾವ ಬಾಟಲಿಯಲ್ಲಿವೆಯೆಂದು ಹುಡುಕಬೇಕು; ಮೂಸುವಂತಿಲ್ಲ, ರುಚಿ ನೋಡುವಂತಿಲ್ಲ ಎಂದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಅದ್ದಿದರು. ಎರಡನೆಯ ಬಾಟಲಿಯಲ್ಲಿ ಪಟ್ಟಿ ಕೆಂಪಾಯಿತು.

"ಅಕ್ಕೋರ, ಆರತಿ ನೀರು!" ಎಂದು ಕೂಗಿದಳು ಮುಂದಿನ ಸಾಲಿನ ದೀಪಾ. "ನಮ್ಮ ತಮ್ಮನ ತೊಟ್ಟಲಕ್ಕ ಹಾಕಿದಾಗ ಅವ್ವ ಅರಿಷಿಣಕ್ಕ ಸುಣ್ಣ ಕೂಡಿಸಿದ್ಲು. ಇದ ಬಣ್ಣ!"

"ಹಂಗಾರ ಎರಡನೇದು ಸುಣ್ಣ," ಎಂದರು ಎಲ್ಲರೂ. ಆದರೆ ಒಂದು, ಮೂರು? ಎರಡರಲ್ಲೂ ಪಟ್ಟಿ ಹಳದಿಯಾಗಿಯೇ ಉಳಿಯಿತು. ತರಗತಿ ಸಪ್ಪಗಾಯಿತು.

"ನೀವ ಹೇಳಿಬಿಡ್ರಿ, ದ್ರಾಕ್ಷಾಯಿಣಿಯವರ. ಟೈಮ್ ಆಗಾಕತ್ತೈತಿ," ಎಂದರು ಮೇಡಂ.

"ನನಗೂ ಗೊತ್ತಿಲ್ಲರೀ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಪಾಠಕ್ಕ ತಯಾರಾಗಿ ಬಂದಿಲ್ಲೇನ್ರಿ?"

ಕಾರ್ಖಾನೆಯಲ್ಲಿ ಯಾವುದನ್ನು ಶಿಸ್ತು ಎನ್ನುತ್ತಿದ್ದರೋ ಅದು ಇಲ್ಲಿ ಉಡಾಫೆಯಂತೆ ಕಾಣುತ್ತಿತ್ತು. ಕಾರಣ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬೆಂಚುಗಳು ಕಿರುಗುಟ್ಟಿದವು. ಮಕ್ಕಳೆಲ್ಲ ಎದ್ದು ಮೇಜಿನ ಸುತ್ತ ಸೇರುತ್ತಿದ್ದರು.

"ಅಕ್ಕೋರಿಗೂ ಗೊತ್ತಿಲ್ಲಂತ! ಹಂಗಾರ ನಾವ ಹುಡುಕೂಣು!"

"ಸರೀರೋ, ಚೆಲ್ಲೀರಿ!" ಎಂದು ಒಬ್ಬ ಹುಡುಗ ಗದರಿದ.

ದೀಪಾ ತನ್ನ ಸಮವಸ್ತ್ರದ ತೋಳನ್ನೇ ನೋಡುತ್ತಿದ್ದಳು. "ಸಾರು ಬಿದ್ದ ಅಂಗಿಗೆ ಸಬಕಾರ ಹಚ್ಚಿದ್ರ ಕಲಿ ಕೆಂಪಾಗತೈತ್ರಿ. ಅವ್ವ ಲಿಂಬಿಹೋಳು ತಿಕ್ಕಿದ್ರ ಮತ್ತ ಹಳದಿ. ಈ ಕೆಂಪು ಪಟ್ಟೀನ ಉಳಿದೆರಡರಾಗ ಅದ್ದಲೇನ್ರಿ?"

ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. "ಅದ್ದಿ ನೋಡು."

ಮೊದಲನೆಯ ಬಾಟಲಿಯಲ್ಲಿ ಕೆಂಪು ಪಟ್ಟಿ ಕೆಂಪಾಗಿಯೇ ಉಳಿಯಿತು. ಮೂರನೆಯದರಲ್ಲಿ ತುದಿಯಿಂದ ಹಳದಿ ಮರಳಿತು. ಗದ್ದಲಕ್ಕೆ ಪಕ್ಕದ ತರಗತಿಯವರು ಕಿಟಕಿಗೆ ಬಂದರು. ಮೇಡಂ ಯಾವಾಗ ಎದ್ದು ಮೇಜಿನ ಹತ್ತಿರ ಬಂದಿದ್ದರೋ ನಾನು ಗಮನಿಸಿರಲಿಲ್ಲ.

"ಖರೇ ಐತೋ ಇಲ್ಲೋ, ಯಾರನ್ನ ಕೇಳೂದು?" ಎಂದರು ಅವರು.

"ತುಂಬಿದವರನ್ನ ಕೇಳೋಣ್ರಿ," ಎಂದು ಅತ್ತೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಮಕ್ಕಳು ಫೋನಿನ ಸುತ್ತ ಒತ್ತಿಕೊಂಡರು.

"ಒಂದನೇದು ಬರೀ ನೀರು, ಎರಡನೇದು ನನ್ನ ಎಲಿ-ಅಡಕಿ ಚೀಲದಾಗಿನ ಸುಣ್ಣ, ಮೂರನೇದು ಲಿಂಬಿ," ಎಂದರು ಅತ್ತೆ. ಕೇಕೆಯಲ್ಲಿ ಮುಂದಿನ ಮಾತು ಮುಳುಗಿತು. ಅವರು ಇನ್ನೂ ಜೋರಾಗಿ ಕೇಳಿದರು: "ಯಾಕ ಅಷ್ಟು ಒದರಾಕತ್ತಾರವಾ? ನೌಕರಿ ಆತೋ ಇಲ್ಲೋ?"

ಮೇಜಿನ ಮೇಲಿದ್ದ ಫೋನ್ ಕಟ್ ಮಾಡಲು ಹೋದೆ. ಮೇಡಂ ನನ್ನ ಕೈ ತಡೆದು ತಾವೇ ಬಗ್ಗಿದರು.

"ಆತ್ರೀ ಅವ್ವಾರ. ಸೋಮವಾರ ಬೆಳಿಗ್ಗೆನೂ ಬಾಟ್ಲಿ ತುಂಬಿ ಕೊಡ್ರಿ. ಏನ್ ತುಂಬೀರಿ ಅಂತ ನನಗೂ ಹೇಳಬ್ಯಾಡ್ರಿ."