ನಾಲ್ಕನೆಯ ಪಟ್ಟಿ

ಹೊಳಿಯಪ್ಪ ರವಿವಾರ ಬರುತ್ತೇನೆಂದು ಗಂಗಾವತಿಯಿಂದ ಫೋನ್ ಮಾಡಿದಂದಿನಿಂದ ಗೀತಾ ದಿನ ಎಣಿಸುತ್ತಿದ್ದಳು. ಅವನು ಬರುವುದು ಅಪ್ಪನ ಅಂಗಡಿಯ ಮರ ಕೊಯ್ಯುವ ಮಷಿನ್ ಕೊಳ್ಳಲು ನೋಡಲಿಕ್ಕೆ. ಮನಸ್ಸಿಗೆ ಬಂದರೆ ಅಂದೇ ಟಂಟಂ ಗಾಡಿಗೆ ಏರಿಸಿಕೊಂಡು ಹೋಗುತ್ತಾನೆ. ಮಷಿನ್ ಹೋಗುತ್ತದೆಂಬ ದುಃಖ ಅವಳಿಗಿರಲಿಲ್ಲ. ಅದು ಕಣ್ಣೆದುರಿನಿಂದ ಹೋಯಿತೆಂದರೆ ತಾನು ಮುಚ್ಚಿಟ್ಟ ಮಾತನ್ನು ಅಪ್ಪನಿಗೆ ಇನ್ನೆಂದೂ ಹೇಳಲಾರೆ, ತನ್ನ ಕೈಯನ್ನು ತಾನೇ ಕೆಡಿಸಿಕೊಂಡೆನೆಂದು ನಂಬಿಕೊಂಡೇ ಅವನು ಮುದುಕನಾಗುತ್ತಾನೆ ಎಂಬುದೇ ಅವಳ ಸಂಕಟ.

ಅಪ್ಪ ಓಬಳೆಪ್ಪ ಕುಷ್ಟಗಿಯಲ್ಲಿ ಇಪ್ಪತ್ತೆಂಟು ವರ್ಷ ಬಾಗಿಲು, ಕಿಟಕಿ, ಫೋಟೊಗಳ ಮರದ ಕಟ್ಟು ಮಾಡಿದವನು. ಬಡಿಗತನ ಮನೆತನದ ಕಸುಬಲ್ಲ. ಹೊಲದ ಕೆಲಸ ಬಿಟ್ಟು ಬಂದು ಇನ್ನೊಬ್ಬರ ಅಂಗಡಿಯಲ್ಲಿ ಹುಡಿ ಗುಡಿಸುತ್ತ ಕಲಿತದ್ದು. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಿಂದ ಮೂಲೆ ಕೊಯ್ಯುವ ಮೈಟರ್ ಮಷಿನ್ ತಂದಿದ್ದ. ಗುಂಡನೆಯ ಬ್ಲೇಡಿನ ಅದರ ತಲೆ ಎಡಬಲಕ್ಕೆ ತಿರುಗುತ್ತಿತ್ತು, ಪಕ್ಕಕ್ಕೂ ಬಾಗುತ್ತಿತ್ತು. ಕೈಗರಗಸದಲ್ಲಿ ಅರ್ಧ ದಿನ ಹಿಡಿಯುತ್ತಿದ್ದ ಮೂಲೆಗಳು ಒಂದು ಚಹಾ ಕುಡಿಯುವಷ್ಟರಲ್ಲಿ ಆಗಿಬಿಡುತ್ತಿದ್ದವು. ಜೊತೆಗೆ ಬಂದ ಇಂಗ್ಲಿಷ್ ಪುಸ್ತಕವನ್ನು ಓದಿ ಹೇಳುವ ಕೆಲಸ ಗೀತಾಳ ಪಾಲಿಗೆ ಬಂತು. ಅವಳು ಹಗಲು ಅಂಗಡಿ ನೋಡಿಕೊಂಡು ಸಂಜೆ ಕಾಲೇಜಿಗೆ ಹೋಗುತ್ತಿದ್ದಳು. ನಿಘಂಟು ಹಿಡಿದು ಹನ್ನೊಂದು ದಿನ ಕೂತು, ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಬರೆದ ಮೇಲೂ ಸಮಾಧಾನವಾಗದೆ ಕಾಲೇಜಿನ ಮಾಸ್ತರರಿಗೆ ಎರಡು ಸಲ ತೋರಿಸಿಕೊಂಡು ಬಂದಿದ್ದಳು. ಅದರಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು ಒಂದೇ ಸಾಲು: ಕೆಲಸಕ್ಕೆ ಮೊದಲು ಬ್ಲೇಡಿನ ಗಾರ್ಡ್ ತಾನಾಗಿಯೇ ಕೆಳಗೆ ಬರುತ್ತದೆಯೇ ನೋಡಬೇಕು.

ಗಾರ್ಡ್ ಅಂದರೆ ಬ್ಲೇಡಿನ ಹಲ್ಲು ಮುಚ್ಚುವ ಪ್ಲಾಸ್ಟಿಕ್ ಮುಸುಕು. ತಲೆ ಇಳಿಸಿದರೆ ಅದು ಹಿಂದೆ ಸರಿಯುತ್ತದೆ, ಎತ್ತಿದರೆ ಮತ್ತೆ ಬಂದು ಮುಚ್ಚಿಕೊಳ್ಳುತ್ತದೆ. ಅದನ್ನು ಕಟ್ಟಿಹಾಕಿದವಳು ಗೀತಾಳೇ.

ಕಳೆದ ಮಹಾನವಮಿಗೆ ಅವ್ವ ಇರಲಿಲ್ಲ. ಹುಲಿಗವ್ವ ಕಾಮಾಲೆಯಾಗಿ ಯುಗಾದಿಗೆ ಮೊದಲೇ ತೀರಿಹೋಗಿದ್ದಳು. ಉಳಿ, ಬಾಚಿ, ಉಜ್ಜುಗೊರಡು ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು, ಒಂದೊಂದಕ್ಕೂ ಅರಿಷಿಣ ಹಚ್ಚಿದ ದಾರ ಕಟ್ಟುವುದು ಅವ್ವನ ಕೆಲಸವಾಗಿತ್ತು. ಕಟ್ಟಿದ ದಾರವನ್ನು ಮೂರು ದಿನ ಕತ್ತರಿಸುವ ಹಾಗಿಲ್ಲ ಎಂಬುದು ಅವಳ ಕಟ್ಟಳೆ. ಹಿಂದಿನ ವರ್ಷ ಬ್ಲೇಡಿಗೆ ಕುಂಕುಮ ಹಚ್ಚಲು ಗಾರ್ಡನ್ನು ಮೇಲಕ್ಕೆತ್ತಿ, ಅದು ಮತ್ತೆ ಬೀಳದಂತೆ ದಾರದಿಂದ ಹಿಡಿಕೆಗೆ ಕಟ್ಟಿದ್ದಳು. ಗೀತಾ ಅದನ್ನು ನೋಡಿದ್ದಳು. ಈ ಸಲ ತಾನೂ ಹಾಗೆಯೇ ಮಾಡಿದಳು. ಕರೆಂಟಿನ ಪಿನ್ ಕಿತ್ತಿಟ್ಟು, ಗಾರ್ಡ್ ಎತ್ತಿ, ಮೂರು ಸುತ್ತು ಸುತ್ತಿ ಗಂಟು ಹಾಕಿದಳು. ಕೆಂಪು ಶಾಯಿಯ ಸಾಲು ಅವಳ ಬೆನ್ನ ಹಿಂದಿನ ಗೋಡೆಯ ಮೇಲೆಯೇ ಇತ್ತು.

ಮರುದಿನ ದಶಮಿ. ಅಂದು ಒಂದಾದರೂ ಕೆಲಸ ಮಾಡಿ ಆಯುಧಕ್ಕೆ ಮುಹೂರ್ತ ಕೊಡುವುದು ಅಪ್ಪನ ಪದ್ಧತಿ. ಆ ವರ್ಷ ಅವನು ಹಿಡಿದ ಕೆಲಸ ಅವ್ವನ ಫೋಟೊಕ್ಕೆ ಕಟ್ಟು. ಆರು ತಿಂಗಳಿಂದ ಫೋಟೊ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿತ್ತು. ಗೀತಾ ಪಕ್ಕದ ಚಹಾದಂಗಡಿಯ ತಾಜಬೀಗೆ ಬನ್ನಿ ಎಲೆ ಕೊಟ್ಟು ಬಂಗಾರದಂಗ ಇರೂಣ್ರಿ ಎನ್ನುತ್ತಿದ್ದಾಗ ಮಷಿನ್ನಿನ ಸದ್ದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಕಟ್ಟಿನ ನಾಲ್ಕು ಪಟ್ಟಿಗಳಲ್ಲಿ ಮೂರು ಆಗಿದ್ದವು. ನಾಲ್ಕನೆಯದನ್ನು ಕೊಯ್ದು ಮಷಿನ್ನಿನ ತಲೆ ಎತ್ತಿದ ಅಪ್ಪ, ಬ್ಲೇಡು ಇನ್ನೂ ತಿರುಗುತ್ತಿರುವಾಗಲೇ ತುಂಡು ತೆಗೆಯಲು ಎಡಗೈ ಚಾಚಿದ್ದ. ಮುಚ್ಚಬೇಕಾದ ಮುಸುಕು ಹಿಡಿಕೆಗೆ ಕಟ್ಟಿಕೊಂಡು ಮೇಲೆಯೇ ಇತ್ತು.

ಗೀತಾ ಒಳಗೆ ಓಡಿದಾಗ ಅಪ್ಪ ಕೈಯನ್ನು ಧೋತರದಲ್ಲಿ ಸುತ್ತಿಕೊಂಡು ನೆಲಕ್ಕೆ ಕೂತಿದ್ದ. ಕೂಗಿರಲೂ ಇಲ್ಲ. ತಾಜಬೀಯೇ ಮಗನ ಆಟೊ ಕರೆಸಿ ಕೂರಿಸಿದಳು. "ನೀವ್ ಮುಂದ ನಡೀರಿ, ಬಾಗಲಾ ಹಾಕ್ಕೊಂಡ್ ಬರ್ತೀನಿ" ಎಂದು ಗೀತಾ ಹಿಂದೆ ನಿಂತಳು. ಪಿನ್ ಕಿತ್ತಳು. ಆಮೇಲೆ ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಉಳಿಯಿಂದ ದಾರ ಕೊಯ್ದು, ಹಿತ್ತಲ ಒಲೆಗೆ ಹಾಕಿದಳು. ಕೊಯ್ದ ಕೂಡಲೆ ಗಾರ್ಡ್ ಟಪ್ಪೆಂದು ಕೆಳಗೆ ಬಂದು ಬ್ಲೇಡನ್ನು ಮುಚ್ಚಿತು. ಆ ಸದ್ದು ಅವಳ ಕಿವಿಯಿಂದ ಹೋಗಲಿಲ್ಲ.

ಎರಡು ಬೆರಳು ಹೋದವು. ಮಾತಾಡಿಸಲು ಬಂದವರಿಗೆಲ್ಲ ಅಪ್ಪ ಹೇಳುವುದು ಒಂದೇ ಮಾತು: "ಕಣ್ಣು ಮಂದ ಆಗ್ಯಾವ. ಬ್ಲೇಡ್ ನಿಂತೈತಿ ಅಂತ ತಿಳಕೊಂಡೆ." ಅಂದಿನಿಂದ ಉಳಿ ಮುಟ್ಟಲಿಲ್ಲ. ಬಾಗಿಲು ಮಾಡಿಸಲು ಬಂದವರನ್ನು ಬೇರೆ ಅಂಗಡಿಗೆ ಕಳಿಸಿ, ಹೊರಗಿನ ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಹೇಳಬೇಕೆಂದು ಗೀತಾ ಎಷ್ಟೋ ಸಲ ಅವನೆದುರು ನಿಂತಳು. ಚಹಾ ಬೇಕೇನಪ್ಪಾ ಎಂದು ಕೇಳಿ ಒಳಗೆ ಬಂದಳು. ಹೀಗೆ ನಾಲ್ಕು ತಿಂಗಳು ಕಳೆದಿದ್ದವು.

ರವಿವಾರ ಹೊಳಿಯಪ್ಪ ಬಂದ. ದಪ್ಪಗೆ, ನಗುನಗುತ್ತ ಇರುವ ಮನುಷ್ಯ. ಗಂಗಾವತಿಯಲ್ಲಿ ಅವನದೂ ಬಡಿಗತನದ ಅಂಗಡಿ.

"ಏನ್ ಕಾಕಾ, ಕೈ ತೋರಸ್ರಿ ಇಲ್ಲೆ. ಹೋಗ್ಲಿ ಬಿಡ್ರಿ, ಇನ್ನಾ ಎಂಟ್ ಅದಾವಲ್ಲ. ನಮ್ಮ ದೋಸ್ತ ಒಬ್ಬಾಂವ ಏಳರಾಗ ಕುರ್ಚಿ ಮಾಡ್ತಾನ."

"ಅಂವಾ ಸಣ್ಣಾಂವ ಇರಬೇಕು" ಎಂದ ಓಬಳೆಪ್ಪ. "ನನ್ನ ಕಣ್ಣ ಕೈ ಕೊಟ್ವಪ್ಪ. ಗೀತವ್ವಾ, ಮಷಿನ್ ತೋರಸು."

ಗೀತಾ ಮೇಲಿನ ಬಟ್ಟೆ ಸರಿಸಿದಳು. ಪಿನ್ ಹಾಕಿಲ್ಲವೆಂದು ನೋಡಿಕೊಂಡಳು. ಮಷಿನ್ನನ್ನು ಮೇಜಿಗೆ ಬಿಗಿದ ನಾಲ್ಕು ಬೋಲ್ಟುಗಳನ್ನು ಅಲುಗಿಸಿ ನೋಡಿದಳು. ಬ್ಲೇಡಿನ ಹಲ್ಲು ಮುರಿದಿದೆಯೇ, ನಡುವಿನ ನಟ್ಟು ಬಿಗಿಯಿದೆಯೇ ಎಂದು ಪರೀಕ್ಷಿಸಿ, ಕೋನವನ್ನು ಸೊನ್ನೆಗೆ ತಂದು, ಲಂಬಕೋನ ನೋಡುವ ಮೂಲೆಮಟ್ಟವನ್ನು ಬ್ಲೇಡಿಗೂ ಹಿಂದಿನ ಆಸರೆಪಟ್ಟಿಗೂ ಒತ್ತಿ ಹಿಡಿದಳು. ಒಮ್ಮೆ ನೋಡಿದ್ದು ಸಾಲದೆ ಮತ್ತೊಮ್ಮೆ ಹಿಡಿದಳು.

"ತಂಗೆವ್ವಾ, ನಾವೇನ್ ಹೆಣ್ಣ ನೋಡಾಕ ಬಂದೀವೇನು? ಇಷ್ಟ್ ಸಿಂಗಾರ ಯಾಕ ಅದಕ್ಕ? ಬಟನ್ ಒತ್ತು."

"ಒಂದೀಟ್ ತಡೀರಣ್ಣಾ."

ಹೊಳಿಯಪ್ಪ ತಡೆಯಲಿಲ್ಲ. ಮುಂದೆ ಬಂದು ಗಾರ್ಡನ್ನು ಒಂದೇ ಬೆರಳಿನಿಂದ ಎತ್ತಿ ಬಿಟ್ಟ. ಅದು ಟಪ್ಪೆಂದಿತು.

"ಇದೊಂದು ಪೀಡಾ ನೋಡ್ರಿ. ಗೆರಿ ಕಾಣಗೊಡೂದಿಲ್ಲ. ನಮ್ಮಲ್ಲಿ ಮಷಿನ್ ತಂದ ದಿನಾನ ಇದನ್ನ ತಂತಿಲೆ ಹಿಂದಕ್ಕ ಬಿಗದಬಿಡ್ತೀವಿ."

ಗೀತಾ ಮೂಲೆಮಟ್ಟವನ್ನು ಮೇಜಿನ ಮೇಲಿಟ್ಟಳು. ನಾಲ್ಕು ತಿಂಗಳು ಬಾರದ ಮಾತು, ಹೊರಗಿನವನೊಬ್ಬನ ಎದುರಿಗೆ, ತೀರ ಸಣ್ಣ ದನಿಯಲ್ಲಿ ಬಂತು.

"ಕಟ್ಟಬ್ಯಾಡ್ರಿ ಅಣ್ಣಾ. ಕಟ್ಟಿದ್ದಕ್ಕ ಅಪ್ಪನ ಬೆರಳ ಹೋದವು. ಅಪ್ಪನ ಕಣ್ಣಿಗೆ ಏನೂ ಆಗಿಲ್ರಿ. ಪೂಜಿ ದಾರದಿಂದ ಕಟ್ಟಿದಾಕಿ ನಾನು. ಆಮ್ಯಾಲ ದಾರ ಸುಟ್ಟಾಕೀನೂ ನಾನ."

ಹೊಳಿಯಪ್ಪ ತಂದೆಯ ಮುಖ, ಮಗಳ ಮುಖ ನೋಡಿದ. "ನಾ ಒಂದ್ ಚಾ ಕುಡದ ಬರ್ತೀನ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡು ತಾಜಬೀಯ ಅಂಗಡಿಗೆ ನಡೆದ.

ಓಬಳೆಪ್ಪ ಬಾಗಿಲಿನ ಹತ್ತಿರದ ಮಣೆಯ ಮೇಲೆ ಕೂತ. ಬಲಗೈಯಿಂದ ಎಡಗೈಯ ಮೋಟುಗಳನ್ನು ನೀವಿಕೊಂಡ.

"ನೋಡಿದ್ದೆ" ಎಂದ.

"ಏನಪ್ಪಾ?"

"ದಾರ. ಕಟ್ಟಿದ್ದ ನೋಡಿದ್ದೆ. ಹಿಂದಿನ ವರ್ಷ ನಿಮ್ಮವ್ವನೂ ಹಂಗ ಕಟ್ಟಿದ್ಲು. ನೀ ಬನ್ನಿ ಕೊಡಾಕ ಊರಾಗ ಹೋಗಿದ್ದಿ. ನಾ ಉಳಿ ತಗೊಂಡು ಚಕ್ಕಂತ ಕೊಯ್ದೆ. ಮೂರ್ ದಿನಾ ತಡಿಯಾಕ ಏನ್ ರೋಗ ಬಂದಿತ್ತು ನಿನಗ ಅಂತ ಸಂಜೀತನಕ ಬೈದ್ಲು. ನಾ ನಕ್ಕೋತ ಕೆಲಸ ಮಾಡಿದೆ." ಮಷಿನ್ನಿನ ಕಡೆ ನೋಡಿದ. "ಈ ಸಲಾನೂ ಉಳಿ ತಗೊಂಡಿದ್ದೆ. ಬೈಯಾಕಿ ಇರಲಿಲ್ಲ. ಕೈ ಬರಲಿಲ್ಲ. ಇರಲಿ, ಹುಷಾರಾಗಿ ಮಾಡೂಣು ಅಂದ್ಕೊಂಡೆ. ಮೂರ್ ಪಟ್ಟಿ ಹುಷಾರಾಗೇ ಮಾಡಿದೆ."

ಗೀತಾ ಅವನೆದುರು ನೆಲಕ್ಕೆ ಕೂತಳು. ಹೇಳಿದರೆ ಹಗುರಾಗುತ್ತದೆಂದು ಇಷ್ಟು ದಿನ ಅಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಅವಳಿಗೆ ಬಂದದ್ದು ಸಿಟ್ಟು.

"ನೋಡಿದ್ರ ಎಲ್ಲಾರ ಮುಂದ ಕಣ್ಣು ಮಂದ, ಕಣ್ಣು ಮಂದ ಅಂತ ಯಾಕ ಹೇಳ್ಕೋತ ಬಂದಿ?"

"ಮತ್ತೇನ್ ಹೇಳ್ಲೆವ್ವಾ? ದಾರದ ಮಾತ ತಗದ್ರ ಕಟ್ಟಿದಾಕಿ ಹೆಸರು ಬರ್ತಿತ್ತು. ದವಾಖಾನಿಯಿಂದ ಬಂದಾಗ ದಾರ ಇರಲಿಲ್ಲ. ನಿನ್ನ ಮಾರಿ ನೋಡಿದೆ, ತಿಳೀತು. ನಿನಗ ಆ ಸುದ್ದಿ ಬ್ಯಾಡಾಗೇತಿ ಅಂದ್ಕೊಂಡೆ." ಅವನು ಹೊರಗೆ ನೋಡುತ್ತ ಹೇಳಿದ: "ಹೇಳ್ಕೋತ ಹೇಳ್ಕೋತ ನನಗೂ ಖರೇನ ಅನ್ಸಾಕ ಹತ್ತಿತು."

ಅವನು ಎದ್ದು ಮೂಲೆಯ ಪೆಟ್ಟಿಗೆ ತೆರೆದು ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟು ತಂದ. ಅದರೊಳಗೆ ಫೋಟೊ ಇತ್ತು, ಸಾಗವಾನಿಯ ಮೂರು ಪಟ್ಟಿಗಳಿದ್ದವು. ನಾಲ್ಕನೆಯದನ್ನು ಅಂದೇ ಯಾರೋ ಎಸೆದಿದ್ದರು.

"ಮಷಿನ್ ಹೋಗೂದರಾಗ ಇದೊಂದು ಮಾಡ್ತೀಯೇನು?"

ಗೀತಾ ಕಣ್ಣೊರೆಸಿಕೊಂಡು ಎದ್ದಳು. ಜಡೆಯನ್ನು ಗಂಟು ಹಾಕಿ, ವೇಲನ್ನು ತೆಗೆದು ಮೊಳೆಗೆ ತೂಗುಹಾಕಿ, ಬಳೆ ಬಿಚ್ಚಿಟ್ಟು, ಕನ್ನಡಕ ಹಾಕಿಕೊಂಡಳು. ಆ ಸಾಗವಾನಿ ಕಟ್ಟಿಗೆ ಮುಗಿದಿತ್ತು. ಸಿಕ್ಕ ತುಂಡಿನ ಬಣ್ಣ ಸ್ವಲ್ಪ ಬಿಳುಪು. ಇರಲಿ ಎಂದ ಅಪ್ಪ. ಮಷಿನ್ನಿನ ತಲೆಯನ್ನು ನಲವತ್ತೈದು ಡಿಗ್ರಿಗೆ ತಿರುಗಿಸಿ ತಿರುಪು ಬಿಗಿದಳು. ಹಳೆಯ ಪಟ್ಟಿಯನ್ನು ಅಳತೆಗಿಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಕಟ್ಟಿಗೆಯನ್ನು ಆಸರೆಪಟ್ಟಿಗೆ ಒತ್ತಿ ಕ್ಲ್ಯಾಂಪ್ ಹಾಕಿದಳು. ಗಾರ್ಡನ್ನು ಎತ್ತಿ ಬಿಟ್ಟಳು. ಅದು ತಾನಾಗಿಯೇ ಕೆಳಗೆ ಬಂತು. ಆಗ ಪಿನ್ ಹಾಕಿದಳು.

"ಎಡಗೈ ಎಲ್ಲೈತಿ?" ಎಂದ ಅಪ್ಪ.

"ಗೇಣು ದೂರ ಐತಪ್ಪಾ."

"ಇನ್ನಷ್ಟ್ ಸರಸು."

ಗುಂಡಿ ಒತ್ತಿದಳು. ಬ್ಲೇಡು ಪೂರ್ತಿ ವೇಗಕ್ಕೆ ಬರುವತನಕ ಕಾದು, ಅವಸರಿಸದೆ ಇಳಿಸಿದಳು. ಕೊಯ್ದಾಯಿತು. ಗುಂಡಿ ಬಿಟ್ಟಳು, ಮಷಿನ್ನಿನ ತಲೆಯನ್ನು ಎತ್ತಲಿಲ್ಲ. ಅಪ್ಪ ಮೆಲ್ಲಗೆ ಎಣಿಸತೊಡಗಿದ. ಒಂದು, ಎರಡು, ಮೂರು. ಬ್ಲೇಡಿನ ಸದ್ದು ಇಳಿಯುತ್ತ ಬಂತು. ಆರು ಎನ್ನುವಾಗ ಅವನ ದನಿ ಒಡೆಯಿತು. ಏಳು, ಎಂಟನ್ನು ಗೀತಾ ಎಣಿಸಿದಳು. ಹಲ್ಲುಗಳು ಒಂದೊಂದಾಗಿ ಕಾಣುವಂತಾಗಿ, ಬ್ಲೇಡು ನಿಂತಿತು. ಇಷ್ಟೇ ಹೊತ್ತು. ಎಂಟು ಎಣಿಸುವಷ್ಟು. ಇನ್ನೊಂದು ತುದಿಯನ್ನೂ ಹಾಗೆಯೇ ಕೊಯ್ದಳು.

ಪಟ್ಟಿಗಳನ್ನು ಕೂಡಿಸಲು ಚಿಕ್ಕ ಮೊಳೆ ಬೇಕು. ಹಿಡಿಯಲು ಬೇಕಾದ ಎರಡು ಬೆರಳೇ ಅಪ್ಪನ ಎಡಗೈಯಲ್ಲಿಲ್ಲ. ಗೀತಾ ಮೊಳೆ ಹಿಡಿದಳು, ಅಪ್ಪ ಸುತ್ತಿಗೆ ಎತ್ತಿದ. ಕಣ್ಣುಮುಚ್ಚಿ ಮೊಳೆ ಹೊಡೆಯುತ್ತಿದ್ದ ಮನುಷ್ಯ. ಸುತ್ತಿಗೆ ಅವಳ ಬೆರಳುಗಳ ಮೇಲೆ ಗಾಳಿಯಲ್ಲೇ ನಿಂತಿತು. ಎರಡು ಸಲ ಇಳಿಸಲು ನೋಡಿದ. ಆಮೇಲೆ ನೆಲಕ್ಕಿಟ್ಟ.

"ಅಂಟು ಹಚ್ಚಿಬಿಡು" ಎಂದ.

ಅಂಟು ಆರುವತನಕ ಕಟ್ಟನ್ನು ಸುತ್ತಲೂ ಬಿಗಿದು ಕಟ್ಟಬೇಕು. ಗೀತಾ ಪೆಟ್ಟಿಗೆಯಲ್ಲಿ ಕೈಯಾಡಿಸಿದಾಗ ಹಳದಿ ದಾರದ ಉಂಡೆ ಸಿಕ್ಕಿತು. ಅದನ್ನು ಬಿಟ್ಟು ಕೆಳಗಿದ್ದ ಸುತಳಿ ತೆಗೆದುಕೊಂಡಳು. ಅಪ್ಪ ನೋಡಿ ಪೆಟ್ಟಿಗೆ ಮುಚ್ಚಿದ.

ಹೊಳಿಯಪ್ಪ ಬಂದು ಹೊಸ್ತಿಲಲ್ಲಿ ನಿಂತ. ಈಗ ಅವನ ಮುಖದಲ್ಲಿ ನಗೆಯಿರಲಿಲ್ಲ. "ಹೆಂಗ್ ಮಾಡೂಣ್ರಿ ಕಾಕಾ?"

"ಒಯ್ಯಪ್ಪಾ. ಮಾತ ಕೊಟ್ಟೀನಿ."

ಬೇಡವೆನ್ನುವ ಹಕ್ಕು ತನಗಿದೆಯೇ ಎಂದು ಗೀತಾಳಿಗೆ ತಿಳಿಯಲಿಲ್ಲ. ಗೋಡೆಯ ಹಾಳೆಯನ್ನು ಹರಿಯದಂತೆ ಬಿಡಿಸಿ ಹೊಳಿಯಪ್ಪನ ಕೈಗೆ ಕೊಟ್ಟಳು.

"ನನಗ ಓದಾಕ ಅಷ್ಟ್ ಬರೂದಿಲ್ಲ ತಂಗಿ."

"ಮನ್ಯಾಗ ಯಾರಾರ ಓದ್ತಾರಲ್ರಿ? ಓದಿಸ್ಕೋರಿ. ಮತ್ತ ಅದನ್ನ ಕಟ್ಟಬ್ಯಾಡ್ರಿ ಅಣ್ಣಾ."

"ಇಲ್ಲವ್ವಾ, ಕಟ್ಟೂದಿಲ್ಲ" ಎಂದ ಹೊಳಿಯಪ್ಪ. ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಮಷಿನ್ನಿನ ತಲೆಯನ್ನು ಕೆಳಗಿಳಿಸಿ ಕೀಲಿ ಹಾಕಿ, ಬೋಲ್ಟು ಬಿಚ್ಚಿ, ಅವನೂ ಗೀತಾಳೂ ಹಿಡಿದು ಗಾಡಿಗೆ ಏರಿಸಿದರು. ಗಾಡಿ ಗಂಗಾವತಿಯ ರಸ್ತೆಗೆ ಹೊರಳುವತನಕ ಅಪ್ಪ ಕಟ್ಟೆಯ ಮೇಲೆ ನಿಂತಿದ್ದ.

ಮರುದಿನ ಬೆಳಿಗ್ಗೆ ಗೀತಾ ಸುತಳಿ ಬಿಚ್ಚಿ, ಫೋಟೊ ಕೂಡಿಸಿ, ಒಳಗಿನ ಗೋಡೆಗೆ ತೂಗುಹಾಕಿದಳು. ಮೂರು ಪಟ್ಟಿ ಕಂದು, ಒಂದು ಬಿಳುಪು. ಅಪ್ಪ ಚಹಾದ ಬಟ್ಟಲು ಹಿಡಿದು ಬಂದು ಬಾಗಿಲಲ್ಲೇ ನಿಂತ. ಗೋಡೆಗೂ ಅವನಿಗೂ ಎಂಟು ಹೆಜ್ಜೆ ದೂರ.

"ಮ್ಯಾಲಿನ ಎಡಗಡಿ ಮೂಲಿ ಬಾಯಿ ಬಿಟ್ಟೈತಿ" ಎಂದ.

ಗೀತಾ ಹತ್ತಿರ ಹೋಗಿ ನೋಡಿದಳು. ಅವಳಿಗೇನೂ ಕಾಣಲಿಲ್ಲ. ಉಗುರು ಆಡಿಸಿದಳು, ತಡೆಯಲಿಲ್ಲ. ಕೊನೆಗೆ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಅದರ ಅಂಚನ್ನು ಮೂಲೆಯ ಸಂದಿಗೆ ಇಟ್ಟು ನೋಡಿದಳು. ಹಾಳೆ ಒಳಗೆ ಹೋಯಿತು. ಮಂದವೆಂದ ಆ ಕಣ್ಣಿಗೆ ಅದು ಬಾಗಿಲಿನಿಂದಲೇ ಕಂಡಿತ್ತು.

ಅವಳು ಹಾಳೆಯನ್ನು ಹಾಗೆಯೇ ಹಿಡಿದುಕೊಂಡು ಗೋಡೆಯ ಕಡೆಗೆ ಮುಖ ಮಾಡಿ ನಿಂತಳು. ಹಿಂದಿನಿಂದ ಅಪ್ಪ ಬಟ್ಟಲನ್ನು ನೆಲಕ್ಕಿಟ್ಟ ಸದ್ದು ಕೇಳಿಸಿತು.

"ಅಳಬ್ಯಾಡ" ಎಂದ ಅವನು. "ಕೂದಲೆಳಿಯಷ್ಟು ಅಷ್ಟ."