ಷಡಕ್ಷರಪ್ಪನವರ ಮೀಟರ್ ಕಡ್ಡಿ

ಭದ್ರಾವತಿಯ ಆ ಖಾಸಗಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ, ೧೯೯೯ರ ಆಗಸ್ಟಿನಲ್ಲಿ, ಪ್ರಿನ್ಸಿಪಾಲ್ ಶಿವರಾಮ ದುಂಡಗೆ ಬರೆದಿದ್ದರು: 'ವಿಶೇಷ ಉಪನ್ಯಾಸ: ಅಳತೆಯ ಸಮಸ್ಯೆ. ಶ್ರೀಮತಿ ತನುಜಾ, ಭೌತಶಾಸ್ತ್ರ ವಿಭಾಗ.' ಕ್ವಾಂಟಮ್ ಎಂಬ ಪದವನ್ನು ಅವರೇ ಕೈಬಿಟ್ಟಿದ್ದರು, ಜನ ಹೆದರಿಯಾರೆಂದು.

ಹೆದರಿದ್ದು ಒಬ್ಬರೇ, ಆಡಳಿತ ಮಂಡಳಿಯ ಅಧ್ಯಕ್ಷ ಷಡಕ್ಷರಪ್ಪ. ಅವರ ಬಟ್ಟೆ ಅಂಗಡಿಗೆ ಹಿಂದಿನ ವಾರವಷ್ಟೇ ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಬಂದು, ಮೀಟರ್ ಕಡ್ಡಿ ಅರ್ಧ ಇಂಚು ಕಮ್ಮಿಯೆಂದು ಎತ್ತಿಕೊಂಡು ಹೋಗಿದ್ದ. ಊರಿಗೆಲ್ಲ ಗೊತ್ತಿದ್ದ ಈ ಸುದ್ದಿ ದಿನಾ ಶಿವಮೊಗ್ಗದಿಂದ ಬಸ್ಸಿನಲ್ಲಿ ಬಂದುಹೋಗುವ ತನುಜಾಗೆ ಗೊತ್ತಾದದ್ದು ವೇದಿಕೆ ಹತ್ತುವಾಗ.

"ಮುಂದಿನ ಸಾಲಲ್ಲಿ ಕೂತಿದ್ದಾರೆ ನೋಡು," ಶಿವರಾಮ ಪಿಸುಗುಟ್ಟಿದರು. "ತಮ್ಮ ಮೇಲೇ ಭಾಷಣ ಅಂದ್ಕೊಂಡಿದ್ದಾರೆ. ನಿನ್ನ ಖಾಯಂ ಫೈಲು ಇವತ್ತು ಸಂಜೆ ಮೀಟಿಂಗಿಗೆ ಬರುತ್ತೆ. ಹುಷಾರು ಮಾರಾಯ್ತಿ."

ಆರು ವರ್ಷ ತಾತ್ಕಾಲಿಕವಾಗಿ ದುಡಿದ ತನುಜಾ ಶುರುಮಾಡಿದಳು. ಎಲೆಕ್ಟ್ರಾನ್ ಎಂಬ ಕಣಕ್ಕೆ ಅಳೆಯುವವರೆಗೆ ಇಂಥದೇ ಜಾಗ ಎಂಬುದಿಲ್ಲ. ಅಳೆದ ಮೇಲಷ್ಟೇ ಅದು ಇಲ್ಲೋ ಅಲ್ಲೋ ಒಂದು ಕಡೆ ಸಿಗುತ್ತದೆ.

ಷಡಕ್ಷರಪ್ಪ ಎದ್ದು ನಿಂತರು. "ಅಂದ್ರೆ ಮೇಡಂ, ಅಳೆಯೋಕೆ ಮುಂಚೆ ಕಮ್ಮಿ-ಜಾಸ್ತಿ ಅನ್ನೋದೇ ಇಲ್ಲ? ಅಳೆದೋನೇ ಕಮ್ಮಿ ಮಾಡಿದ್ದು?"

"ಕಣಕ್ಕೆ ಹಾಗೆ ಹೇಳಬಹುದು ಸಾರ್."

"ಸಾಕು. ನಾಳೆ ಇಲಾಖೆ ಆಫೀಸಿಗೆ ಬಂದು ಇದನ್ನೇ ಹೇಳಿಬಿಡಿ. ಸಂಜೆ ನಿಮ್ಮ ಫೈಲಿಗೆ ಸೈನ್ ಹಾಕ್ತೀನಿ."

ಶಿವರಾಮ ಅವಳ ಪರವಾಗಿ ತಾವೇ ತಲೆಯಾಡಿಸಿದರು.

"ಮೀಟರ್ ಕಡ್ಡಿಗೆ ಇದು ಹೊಂದಲ್ಲ ಸಾರ್," ಎಂದಳು ತನುಜಾ.

"ಯಾಕೆ? ಕಡ್ಡಿ ಕಣದಿಂದ ಆಗಿದ್ದಲ್ವಾ?"

"ಹೌದು."

"ಇನ್‌ಸ್ಪೆಕ್ಟರ್ರು?"

"ಅವರೂ."

"ಮತ್ತೆ? ಕಣ ಎಲ್ಲಿಗೆ ಮುಗೀತು, ಕಡ್ಡಿ ಎಲ್ಲಿಂದ ಶುರುವಾಯ್ತು? ಗೆರೆ ಹಾಕಿ ತೋರ್ಸಿ."

ಅವಳ ಕೈಯಲ್ಲಿ ಸೀಮೆಸುಣ್ಣವಿತ್ತು. ನಲವತ್ತು ನಿಮಿಷ ನಡೆದು ಅವಳು ತಲುಪಬೇಕೆಂದಿದ್ದ ಜಾಗಕ್ಕೆ ಬಟ್ಟೆ ವ್ಯಾಪಾರಿ ಒಂದೇ ನೆಗೆತಕ್ಕೆ ಬಂದು ನಿಂತಿದ್ದರು.

"ಅದೇ ಸಾರ್ ಸಮಸ್ಯೆ. ಎಪ್ಪತ್ತು ವರ್ಷದಿಂದ ಆ ಗೆರೆ ಎಲ್ಲಿದೆ ಅಂತ ಎಲ್ಲರೂ ಒಪ್ಪೋ ಹಾಗೆ ಯಾರೂ ಹೇಳಿಲ್ಲ."

"ಹಾಗಾದ್ರೆ ನಾಳೆ ಬರ್ತೀರಿ."

ತನುಜಾ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು.

"ಇಲ್ಲ ಸಾರ್. ಗೆರೆ ಎಲ್ಲಿದೆಯೋ ಗೊತ್ತಿಲ್ಲ. ನಿಮ್ಮ ಕಡ್ಡಿ ಅದರಿಂದ ಈಚೆಗಿದೆ ಅನ್ನೋದು ಗೊತ್ತು. ಅರ್ಧ ಇಂಚು ಕಮ್ಮಿ ಇದ್ರೆ, ಯಾರು ಅಳೆದ್ರೂ ಕಮ್ಮೀನೇ."

ಹಿಂದೆ ಯಾರೋ ನಕ್ಕು, ಅದನ್ನು ಕೆಮ್ಮಾಗಿ ಬದಲಾಯಿಸಿದರು. ಷಡಕ್ಷರಪ್ಪ ಶಲ್ಯ ಕೊಡವಿ ಹೊರಟುಹೋದರು.

ಮರುದಿನ ಬಂದ ಆದೇಶದಲ್ಲಿ ಒಂದೇ ಸಾಲು: 'ಮುಂದಿನ ಆದೇಶದವರೆಗೆ ಈಗಿರುವಂತೆಯೇ ಮುಂದುವರಿಯತಕ್ಕದ್ದು.' ಶಿವರಾಮ ಹಾಳೆಯ ಹಿಂಬದಿಯನ್ನೂ ತಿರುವಿ ನೋಡಿದರು.

"ಕೆಲಸ ಉಳೀತೋ ಹೋಯ್ತೋ, ಎಂಥ ತಿಳ್ಕೋಬೇಕು ಇದರಲ್ಲಿ?"

"ನಾನೇ ಹೋಗಿ ಕೇಳ್ಕೊಂಡು ಬರ್ತೀನಿ ಸಾರ್."

"ಬೇಡ ಮಾರಾಯ್ತಿ!" ಅವರು ಹಾಳೆಯನ್ನು ಡ್ರಾಯರಿಗೆ ತುರುಕಿದರು. "ಕೇಳಿದ್ರೆ ಯಾವುದಾದ್ರೂ ಒಂದು ಆಗಿಬಿಡುತ್ತೆ."