ಜಪಾನಿ ಸೀತಾಳೆಗೆ ಹೊಡೆದ ಔಷಧಿ

ತುಂಗಮ್ಮ ಮಾತು ಕೊಟ್ಟರೆ ಮುಗೀತು, ಹಿಂದೆ ಸರಿಯುವ ಪೈಕಿಯಲ್ಲ. ಕೊಪ್ಪದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಹೋದ ವರ್ಷ ಶೃಂಗೇರಿಯ ಹೂಗಿಡ ಪ್ರದರ್ಶನದಲ್ಲಿ ತೀರ್ಪುಗಾರ ಧರ್ಮೇಶ್ ಇವರ ಹೂವಿಲ್ಲದ ಗಿಡ ನೋಡಿ, "ಟೀಚರ್ರೇ, ಜಪಾನಿನ ಗಿಡ ನಮ್ಮ ಮಳೆಗೆ ಕೊಳೆತು ಹೋಗ್ತದೆ, ಸುಮ್ಮನೆ ಯಾಕೆ?" ಅಂದ. "ಮುಂದಿನ ವರ್ಷ ಹೂವಿನ ಸಮೇತ ಇಲ್ಲೇ ತಂದಿಡ್ತೇನೆ, ನೋಡ್ತಾ ಇರಿ" ಅಂತ ಇವರು ಎಲ್ಲರೆದುರು ಹೇಳಿಬಿಟ್ಟರು.

ಗಿಡ ಅಂದರೆ ಎಂಥ ಗಿಡ! ಎತ್ತರ ನಾಲ್ಕೇ ಬೆರಳು. ನಮ್ಮ ಹಲಸಿನ ಮರದಲ್ಲಿ ಜೋತಾಡುವ ಸೀತಾಳೆ ದಂಡೆ ಹೂವಿನ ದೂರದ ನೆಂಟ, ಜಪಾನಿನ ಆರ್ಕಿಡ್, ಹೆಸರು ಫೂರಾನ್. ಪುಟ್ಟ ಕುಂಡ, ಮೇಲೆ ಇಡ್ಲಿಯ ಹಾಗೆ ಉಬ್ಬಿಸಿದ ಪಾಚಿ, ಪಾಚಿಯ ನೆತ್ತಿಯಲ್ಲಿ ಗಿಡ. ಗಾಳಿ ಆಡಬೇಕು, ಮಳೆಯ ಇರಚಲು ತಾಗಬಾರದು. ಹಾಗೆ ಮೂರು ವರ್ಷ ಸಾಕಿದ್ದರು. "ಎಂತ ಮಾರಾಯ್ತಿ, ಈ ಹುಲ್ಲಿಗೆ ಮಾಡೋ ಆರೈಕೆ ನಂಗೆ ಮಾಡಿದ್ರೆ ನಾನೂ ಹೂ ಬಿಡ್ತಿದ್ದೆ" ಅನ್ನುತ್ತಿದ್ದರು ಗಂಡ ಉಮಾಮಹೇಶ್ವರ.

ಈ ವರ್ಷ ಪ್ರದರ್ಶನಕ್ಕೆ ಮೂರು ವಾರ ಇರುವಾಗ ಎಲೆಯ ಬುಡದಲ್ಲಿ ಮೊಗ್ಗಿನ ಕಡ್ಡಿ ಇಣುಕಿತು. ತುಂಗಮ್ಮನ ಕಾಲು ನೆಲದ ಮೇಲಿರಲಿಲ್ಲ. ಅದೇ ಖುಷಿಯಲ್ಲಿ ನರಸಿಂಹರಾಜಪುರದ ತಂಗಿ ಮನೆಗೆ ಎರಡು ದಿನ ಹೋಗಿಬಂದರು. ಬಂದು ನೋಡಿದರೆ ಗಿಡವೆಲ್ಲ ನೀಲಿ!

ಆದದ್ದಿಷ್ಟೆ. ಉಮಾಮಹೇಶ್ವರರು ನೆಮ್ಮಾರಿನ ತೋಟದಲ್ಲಿ ಅಡಿಕೆಗೆ ಕೊಳೆ ಬಾರದ ಹಾಗೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಔಷಧಿ ಹೊಡೆಸಿ ಬಂದಿದ್ದರು. ಗಿಡದ ಎಲೆಯಲ್ಲೊಂದು ಕಪ್ಪು ಚುಕ್ಕಿ ಕಂಡಿತು. ಅಡಿಕೆ ಬೆಳೆಯುವವನಿಗೆ ಮಳೆಗಾಲದ ಕಪ್ಪು ಚುಕ್ಕಿ ಅಂದರೆ ಕೊಳೆರೋಗ, ಬೇರೆ ಮಾತೇ ಇಲ್ಲ. ಉಳಿದಿದ್ದ ಔಷಧಿಯನ್ನು ಕೈಪಂಪಿಗೆ ತುಂಬಿ, ಎಲೆ ಮಗುಚಿ ಮಗುಚಿ, ಪ್ರೀತಿಯಿಂದ ಹೊಡೆದಿದ್ದರು.

"ಎಂತ ಮಾಡಿದ್ರಿ ಮಾರಾಯ್ರೆ! ಮೈಲುತುತ್ತ ಈ ಗಿಡಕ್ಕೆ ವಿಷ!"

"ಅಡಿಕೆಗೆ ಅಮೃತ ಆಗಿದ್ದು ಇದಕ್ಕೆ ವಿಷ ಹ್ಯಾಗಾಗ್ತದೆ?" ಪಾಪ, ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ತುಂಗಮ್ಮನಿಗೆ ಅಳು ಬಂತು, ಅತ್ತರು. ಐದು ನಿಮಿಷ ಅತ್ತು, ಸೆರಗು ಸಿಕ್ಕಿಸಿ ಎದ್ದರು. ಪಾಚಿ ಕಿತ್ತೆಸೆದು, ಮಳೆನೀರಲ್ಲಿ ಎಲೆ ಎಲೆ ತೊಳೆದು, ಸುಟ್ಟ ಬೇರು ಕತ್ತರಿಸಿ, ಹೊಸ ಪಾಚಿ ಕಟ್ಟಿದರು. ಮೂರನೇ ದಿನ ಮೊಗ್ಗು ಉದುರಿತು.

"ಪ್ರದರ್ಶನಕ್ಕೆ ಹೋಗೋದು ಬೇಡ, ಮರ್ಯಾದೆ ಹೋಗ್ತದೆ" ಅಂದರು ಗಂಡ.

"ಹೋಗದಿದ್ರೆ ಹೋಗ್ತದೆ. ನಡೀರಿ."

ಹೂವಿಲ್ಲದ ಗಿಡ ಮೇಜಿನ ಮೇಲೆ ಕೂತಿತು. "ಹೂವೆಲ್ಲಿ ಟೀಚರ್ರೇ?" ಧರ್ಮೇಶ್ ಮೀಸೆಯಡಿಯಲ್ಲೇ ನಕ್ಕ.

"ಹೂವಿಲ್ಲ, ಬಂದ ಮೊಗ್ಗು ಉದುರ್ತು. ಆ ಮಾತಿಗೆ ನಾನು ಸೋತೆ" ಅಂದು ತುಂಗಮ್ಮ ಅವನ ಕೈಗೆ ಭೂತಗನ್ನಡಿ ಕೊಟ್ಟರು. "ಬುಡ ನೋಡಿ."

ಹೊಸ ಪಾಚಿಯ ಮೇಲೆ ಎರಡು ಎಳೆ ಬೇರು ಹೊರಟಿತ್ತು. ತುದಿ ದಾಳಿಂಬೆ ಕಾಳಿನಷ್ಟು ಕೆಂಪು.

"ಜಪಾನಿನಲ್ಲಿ ಈ ಬೇರಿನ ತುದಿ ನೋಡಲಿಕ್ಕೇ ಗಿಡ ಸಾಕುವವರಿದ್ದಾರೆ. ಕೊಳೆಯುವ ಗಿಡ ಹೀಗೆ ಬೇರು ಬಿಡ್ತದಾ?"

ಧರ್ಮೇಶ್ ಬಗ್ಗಿ ಸುಮಾರು ಹೊತ್ತು ನೋಡಿದ. ನಗು ಇಳಿದಿತ್ತು. "ಇಲ್ಲ ಟೀಚರ್ರೇ. ಇದು ಇಲ್ಲಿ ಬದುಕ್ತದೆ, ಒಪ್ಪಿದೆ. ಮತ್ತೆ ಮೊಗ್ಗು ಯಾಕೆ ಉದುರ್ತು?"

ತುಂಗಮ್ಮ ಗಂಡನ ಹೆಸರೆತ್ತುವ ಪೈಕಿಯಲ್ಲ. ಏನೋ ಒಂದು ಹೇಳಿ ಹಾರಿಸೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಉಮಾಮಹೇಶ್ವರ ಎದ್ದು ನಿಂತಿದ್ದರು.

"ಬೋರ್ಡೋ ಹೊಡೆದದ್ದು ನಾನು. ಕೊಳೆ ಅಂತ ತಿಳ್ಕೊಂಡೆ. ತಪ್ಪು ನಂದು."

ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಈ ಮನುಷ್ಯ ತಪ್ಪೊಪ್ಪಿಕೊಂಡದ್ದು ಇದೇ ಮೊದಲು, ಅದೂ ಊರೆದುರು. ತುಂಗಮ್ಮನಿಗೆ ಎದೆ ತುಂಬಿ ಬಂತು. ಹೂ ಬಿಟ್ಟಿದ್ದರೂ ಇಷ್ಟು ಖುಷಿಯಾಗುತ್ತಿರಲಿಲ್ಲವೇನೋ.

ಅಷ್ಟರಲ್ಲಿ ಪ್ರದರ್ಶನ ನೋಡಲು ಬಂದಿದ್ದ ಸೀತೂರಿನ ಬಸವಮ್ಮ ನಿಧಾನಕ್ಕೆ ಅಡಿಕೆ ಬೆಳೆಗಾರನಾದ ತನ್ನ ಗಂಡನ ಕಡೆ ತಿರುಗಿದಳು. "ಹಂಗಾರೆ ನಮ್ಮನೆ ಸೀತಾಳೆ ದಂಡೆ ವರ್ಷ ವರ್ಷ ಸಾಯೋದು...?"

ಗಂಡ ಶ್ರೀನಿವಾಸ ತಲೆ ಎತ್ತಿ ಸಭಾಂಗಣದ ಮಾಡು ನೋಡತೊಡಗಿದ.

"ಬನ್ನಿ ಮಾರಾಯ್ರೆ" ಅಂತ ಉಮಾಮಹೇಶ್ವರ ಅವನನ್ನು ಕರೆದರು, "ನನ್ನ ಪಕ್ಕ ನಿಂತ್ಕೊಳ್ಳಿ. ಒಂದ್ಸಲ ಒಪ್ಕೊಂಡ್ರೆ ಭಾರಿ ಹಗುರ ಆಗ್ತದೆ."